ದೂತನ ಮುಖವಾಡ

ಥಾಸೋಸ್ ದ್ವೀಪ
ನಡುಬೇಸಿಗೆಯ ಹೊಸ ವರ್ಷದ ಮೊದಲ ತಿಂಗಳು, ಅಮಾವಾಸ್ಯೆ ಕಳೆದ ನಾಲ್ಕನೇ ದಿನ

ಅಪ್ಪಾ,

ಇದನ್ನು ಬರೆಯುತ್ತಿರುವವನು ನಿನ್ನ ಮಗ ಟೆಲ್ಲಿಸ್. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡ. ಕಾಗೆ ಕಾಲು ಎಂದು ನೀನು ಬೈಯುತ್ತಿದ್ದ ಅಕ್ಷರ ಇನ್ನೂ ಹಾಗೆಯೇ ಇದೆ, ನೋಡಿಕೋ.

ನಾನು ಬದುಕಿದ್ದೇನೆ. ನಮ್ಮ ಹಡಗಿನಲ್ಲಿದ್ದ ಉಳಿದವರು ಯಾರೂ ಬದುಕಿಲ್ಲ. ಇಲ್ಲಿನ ಮೀನುಗಾರರು ನನ್ನನ್ನು ದಡಕ್ಕೆ ಎಳೆದು ಹಾಕಿದರು. ಚಳಿಗಾಲವೆಲ್ಲ ಒಬ್ಬ ಅಜ್ಜಿಯ ಮನೆಯಲ್ಲಿ ಬಿದ್ದುಕೊಂಡಿದ್ದೆ. ಈಗ ದ್ರಾಕ್ಷಾರಸ ತುಂಬುವ ಜಾಡಿಗಳ ಒಳಗೆ ರಾಳ ಬಳಿಯುವ ಕೆಲಸ ಮಾಡುತ್ತಿದ್ದೇನೆ.

ಮೊದಲೇ ಬರೆಯಬೇಕಿತ್ತು. ಬರೆಯಲಿಲ್ಲ. ನೀನು ನನ್ನ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಕೂದಲು ಕತ್ತರಿಸಿಕೊಂಡು, ಮೂರು ಸಲ ಹೆಸರು ಕೂಗಿ ಉತ್ತರಕ್ರಿಯೆ ಮುಗಿಸಿದೆ ಎಂದು ಅಥೆನ್ಸಿನಿಂದ ಬಂದ ನಾವಿಕನೊಬ್ಬ ಹೇಳಿದ. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ಊರಿಗೆ ಬರುವುದಿಲ್ಲ. ಯಾರಿಗೂ ಹೇಳಬೇಡ, ಅಂಥೀಯಾಳಿಗಂತೂ ಹೇಳಲೇಬೇಡ. ಕಲ್ಲು ಇರುವಲ್ಲಿಯೇ ಇರಲಿ.

ಟೆಲ್ಲಿಸ್


ಅಥೆನ್ಸ್
ಎರಡನೇ ತಿಂಗಳು, ಹುಣ್ಣಿಮೆಯ ಹಿಂದಿನ ದಿನ

ಮಗನೇ, ಸತ್ತವನೇ, ಕತ್ತೆಯೇ,

ಪತ್ರ ತಂದ ನಾವಿಕನ ಕೈ ಹಿಡಿದುಕೊಂಡು ಬಂದರಿನ ನಡುವೆಯೇ ಅತ್ತುಬಿಟ್ಟೆ. ಅವನಿಗೆ ಮುಜುಗರವಾಗಿ ನನ್ನ ಬೆನ್ನು ತಟ್ಟಿ, "ಅಳಬೇಡ ತಾತ, ಒಂದು ಜಾಡಿನೂ ಒಡೆದಿಲ್ಲ" ಅಂದ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮತ್ತೆ ಅತ್ತೆ. ಅತ್ತು ಮುಗಿದ ಮೇಲೆ ನಿನ್ನನ್ನು ಬಾಯಿತುಂಬ ಬೈದೆ. ಇಷ್ಟು ದಿನ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡಿದ್ದ ನನಗೆ ಹಾಲು ಹೊಯ್ದಂತಾಯಿತು.

ತಪ್ಪು ನನ್ನದೂ ಇದೆ. ವಸಂತದಲ್ಲಿ ನಿಮ್ಮ ಹಡಗಿನ ಮೂತಿಯ ಹಲಗೆ ದಡಕ್ಕೆ ಬಂತೆಂದು ಸುದ್ದಿ ಬಂತು. ಅದರ ಮೇಲೆ ಬರೆದ ಕಣ್ಣಿಗೆ ಬಣ್ಣ ಹಾಕಿದ್ದು ನೀನೇ, ಎಡಗಣ್ಣು ಸ್ವಲ್ಪ ಮೆಳ್ಳೆ. ಆ ಮೆಳ್ಳೆಗಣ್ಣಿನ ಮಾತು ಕೇಳಿಯೇ ನಾನು ನಿನ್ನನ್ನು ಸತ್ತವನೆಂದು ನಂಬಿದೆ. ಪಕ್ಕದ ಮನೆಯ ಅಂಥೀಯಾ ಆವತ್ತೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಹಲಗೆ ಬಂತು ಕೈರಿಯಾಸ್, ಮಕ್ಕಳು ಬಂದಿಲ್ಲ. ಯಾಕಯ್ಯಾ ಆತುರ ನಿಂಗೆ?" ಅಂದಳು. ನಿನ್ನ ಜೊತೆ ಅದೇ ಹಡಗಿನಲ್ಲಿದ್ದ ತನ್ನ ಮಗ ಡೋರಿಯೋನನಿಗೆ ಅವಳು ಕ್ರಿಯೆ ಮಾಡಲಿಲ್ಲ. ನಾನು ಕೇಳಲಿಲ್ಲ, ಮಾಡಿಬಿಟ್ಟೆ.

ಈಗ ನೋಡು ಪಜೀತಿ. ಒಮ್ಮೆ ಕ್ರಿಯೆ ಮಾಡಿಸಿಕೊಂಡವನು ಬದುಕಿ ಬಂದರೂ ಸತ್ತವನೇ. ಗುಡಿಗೆ ಕಾಲಿಡುವಂತಿಲ್ಲ, ಯಾರ ಮನೆಯ ಒಲೆಯ ಬಳಿಯೂ ಕೂರುವಂತಿಲ್ಲ, ನನ್ನ ನಾಟಕ ನೋಡಲೂ ಬರುವಂತಿಲ್ಲ. ಅವನು ಮತ್ತೆ ಹುಟ್ಟಬೇಕು. ಹೆಂಗಸರು ಕೂಸಿನ ಹಾಗೆ ಮೀಯಿಸಿ, ಬಟ್ಟೆಯಲ್ಲಿ ಸುತ್ತಿ, ಹಾಲು ಕುಡಿಸಬೇಕು. ನಗಬೇಡ. ನಿನ್ನನ್ನು ಹೆತ್ತ ದಿನವೇ ನಿನ್ನ ಅಮ್ಮ ಹೋದಳು, ಡೋರಿಯೋನನ ಜೊತೆ ನಿನಗೂ ಹಾಲು ಕೊಟ್ಟು ಸಾಕಿದವಳು ಅಂಥೀಯಾ. ಇನ್ನೊಮ್ಮೆ ನಿನ್ನನ್ನು ಹುಟ್ಟಿಸು ಎಂದು ನಾನು ಯಾರ ಬಾಗಿಲು ತಟ್ಟಲಿ, ಹೇಳು. ಅದನ್ನು ಆಮೇಲೆ ಯೋಚಿಸೋಣ, ಮೊದಲು ನೀನು ಬಾ.

ಇನ್ನೊಂದು ಸುದ್ದಿ. ವಸಂತದ ಡಿಯೋನಿಸಸ್ ದೇವರ ಹಬ್ಬದ ನಾಟಕ ಸ್ಪರ್ಧೆಗೆ ನನಗೆ ಮೇಳ ಸಿಕ್ಕಿದೆ! ಎಷ್ಟೋ ವರ್ಷಗಳಿಂದ ಅಧಿಕಾರಿಗಳು ನನ್ನ ಮುಖ ಕಂಡರೆ ಆಕಳಿಸುತ್ತಿದ್ದರು. ಈ ಸಲ ಮಗ ಸತ್ತನೆಂದು ಕನಿಕರ ಬಂದಿರಬೇಕು. ಮೇಳದ ಖರ್ಚು ಹೊರುವವನು ಚರ್ಮದ ವ್ಯಾಪಾರಿ ಸ್ಟ್ರೊಂಬಿಕಸ್. ಅವನು ಬರುವ ಮೊದಲೇ ಅವನ ವಾಸನೆ ಬರುತ್ತದೆ.

ಚಳಿಗಾಲ ಬಂದು ಹಡಗುಗಳು ನಿಲ್ಲುವ ಮೊದಲು ಹೊರಟುಬಿಡು.

ಇನ್ನೂ ನಿನ್ನ ಅಪ್ಪನೇ ಆಗಿರುವ,
ಕೈರಿಯಾಸ್


ಥಾಸೋಸ್
ಮೂರನೇ ತಿಂಗಳು, ಅಮಾವಾಸ್ಯೆಯ ದಿನ

ಅಪ್ಪಾ,

ಬರುವುದಿಲ್ಲ ಎಂದು ಬರೆದಿದ್ದೆ. ಅದೇ ಮಾತು.

ನಿನಗೆ ಮೇಳ ಸಿಕ್ಕಿದ್ದು ಸಂತೋಷ. ಆದರೆ ಒಂದು ಕೇಳುತ್ತೇನೆ. ಈ ಸಲದ ನಿನ್ನ ನಾಯಕ ಯಾರು? ನಾನಲ್ಲ ತಾನೇ? ಯಾವುದೋ ಹಳೆಯ ದೊರೆಯ ಕಿರೀಟ ಇಟ್ಟು ನನ್ನನ್ನು ರಂಗಕ್ಕೆ ತರುವ ಯೋಚನೆಯಿದ್ದರೆ ಬಿಟ್ಟುಬಿಡು.

ನಿನ್ನ ನಾಟಕಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಿನ್ನ ನಾಯಕನಿಗೆ ತನ್ನ ತಪ್ಪು ತಿಳಿಯುತ್ತದೆ, ಒಂದು ದೊಡ್ಡ ಕೂಗು ಹಾಕುತ್ತಾನೆ, ಒಳಗೆ ಹೋಗಿ ಸಾಯುತ್ತಾನೆ ಇಲ್ಲವೇ ಕಣ್ಣೀರು ಸುರಿಸುತ್ತಾ ಕಾಡಿಗೆ ಹೋಗುತ್ತಾನೆ. ಚೆನ್ನಾಗಿರುತ್ತದೆ. ನನಗೂ ತಪ್ಪು ತಿಳಿಯಿತು, ನಾನೂ ಕೂಗಿದೆ. ಆದರೆ ಮರುದಿನ ಬೆಳಿಗ್ಗೆ ನನಗೆ ಹಸಿವಾಯಿತು, ಅಪ್ಪಾ. ಮಾಯಿಯಾ ಎನ್ನುವ ಈ ಅಜ್ಜಿ ಮೀನಿನ ಸಾರು ತಂದಿಟ್ಟಳು. ಕುಡಿದೆ. ಇನ್ನೊಂದು ಬಟ್ಟಲು ಕೇಳಿ ಕುಡಿದೆ. ಡೋರಿಯೋನ್ ನೀರಿನಲ್ಲಿದ್ದ, ನಾನು ಬಟ್ಟಲು ನೆಕ್ಕುತ್ತಿದ್ದೆ. ನಿನ್ನ ಯಾವ ನಾಟಕದ ನಾಯಕ ಮೀನಿನ ಸಾರು ಕುಡಿದಿದ್ದಾನೆ?

ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯ ಇನ್ನೂ ಹೋಗಿಲ್ಲ. ಅಂಥೀಯಾಳ ಮುಂದೆ ಈ ಹೊಟ್ಟೆ ಹೊತ್ತುಕೊಂಡು ನಿಲ್ಲಲು ನನ್ನಿಂದಾಗದು.

ಟೆಲ್ಲಿಸ್


ಅಥೆನ್ಸ್
ಮೂರನೇ ತಿಂಗಳು, ಹುಣ್ಣಿಮೆ ಕಳೆದ ಐದನೇ ದಿನ

ಟೆಲ್ಲಿಸ್,

ನಿನ್ನ ಮೀನಿನ ಸಾರಿಗೆ ನನ್ನಲ್ಲಿ ಉತ್ತರವಿಲ್ಲ. ಮೂರು ದಿನ ಯೋಚಿಸಿದೆ, ಹೊಳೆಯಲಿಲ್ಲ. ಅದನ್ನು ಬದಿಗಿಟ್ಟು ಮೊದಲು ನಾಯಕನ ವಿಷಯ ಹೇಳುತ್ತೇನೆ.

ಅವನು ನೀನಲ್ಲ. ಒಂದು ಬೆಟ್ಟದೂರಿನ ದೊರೆ. ಊರಿಗೆ ಮುತ್ತಿಗೆ ಬಿದ್ದಿದೆ. ಮಳೆಯಲ್ಲಿ ಅವನ ತಮ್ಮ ಹೊರಗೆ ಸಿಕ್ಕಿಕೊಂಡಿದ್ದಾನೆ, ಬಾಗಿಲು ತೆಗೆ ಎಂದು ಕೂಗುತ್ತಿದ್ದಾನೆ. ದೊರೆ ತೆಗೆಯುತ್ತಾನೆ. ನಿನ್ನೆ ಸ್ಟ್ರೊಂಬಿಕಸ್ ತಾಲೀಮಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತ.

"ಕವಿಗಳೇ, ಈ ದೊರೆ ಒಳ್ಳೇವ್ನೋ ಕೆಟ್ಟವ್ನೋ?"

"ಒಳ್ಳೆಯವನು."

"ಮತ್ಯಾಕೆ ಹಾಳಾಗ್ತಾನೆ?"

"ತಪ್ಪು ಮಾಡ್ತಾನೆ."

"ಹಂಗಾದ್ರೆ ಕೆಟ್ಟವ್ನು ಅನ್ನಿ. ಕೆಟ್ಟವ್ನಿಗೆ ಕೆಟ್ಟದ್ದಾದ್ರೆ ಜನ ಚಪ್ಪಾಳೆ ಹೊಡೀತಾರೆ, ಬಹುಮಾನ ನಮ್ದೇ."

"ಅಲ್ಲ ಮಾರಾಯ. ತಮ್ಮ ಮಳೇಲಿ ನಿಂತು ಕೂಗ್ತಿದ್ದಾನೆ ಅಂತ ಬಾಗಿಲು ತೆಗೀತಾನೆ. ತಮ್ಮನ ಹಿಂದೇನೇ ಶತ್ರು ನುಗ್ತಾನೆ. ಊರು ಹಾಳಾಗುತ್ತೆ, ತಮ್ಮನೂ ಸಾಯ್ತಾನೆ."

"ಅಯ್ಯೋ! ತಮ್ಮನಿಗೆ ಬಾಗಿಲು ತೆಗೆಯೋದು ತಪ್ಪಾ? ನಾನಾಗಿದ್ರೂ ತೆಗೀತಿದ್ದೆ!"

"ಅದಕ್ಕೇ ಸ್ವಾಮಿ ಇದು ನಾಟಕ."

 ಪುಣ್ಯಾತ್ಮನ ಸ್ವಂತ ತಮ್ಮ ಯುದ್ಧದಲ್ಲಿ ಹೋದವನು, ನನಗೆ ಆಗ ನೆನಪಾಯಿತು. ಅವನು ಮೂಗು ಒರೆಸಿಕೊಂಡು, "ದೊರೆ ಮೇಲಂಗಿ ಮಾತ್ರ ನೇರಳೆ ಬಣ್ಣದ್ದೇ ಆಗಬೇಕು, ಇಪ್ಪತ್ತು ಮೊಳ!" ಎಂದು ಗದರಿ ಹೋದ. ನೋಡು, ಆ ದೊರೆ ನಮ್ಮ ನಿಮ್ಮ ಹಾಗಿದ್ದರೆ ಮಾತ್ರ ಸ್ಟ್ರೊಂಬಿಕಸ್‌ನಂಥವನಿಗೂ ಮೂಗು ಕಟ್ಟುತ್ತದೆ. ದೇವರಂತಿದ್ದರೆ ಕೈಮುಗಿದು ಎದ್ದು ಹೋಗುತ್ತಾರೆ, ರಾಕ್ಷಸನಂತಿದ್ದರೆ ಬಡಿದು ಹಾಕಿ ಎನ್ನುತ್ತಾರೆ. ಇಷ್ಟನ್ನು ಮಾತ್ರ ನಾನು ಈ ಕಸುಬಿನಲ್ಲಿ ಕಲಿತಿರುವುದು.

ಇನ್ನು ಅಂಥೀಯಾ. ದಿನಾ ಹೂಮಾಲೆ ಕಟ್ಟುತ್ತಾ ಬಾಗಿಲಲ್ಲೇ ಕೂರುತ್ತಾಳೆ. ಮಗನಿಗೆ ಕ್ರಿಯೆ ಮಾಡಿಸು, ಇಲ್ಲದಿದ್ದರೆ ಅವನ ಜೀವ ಆ ಕಡೆಗೂ ಹೋಗದೆ ಈ ಕಡೆಗೂ ಬರದೆ ಅಲೆಯುತ್ತದೆ ಎಂದು ಬಂಧುಗಳು ಹೇಳುತ್ತಲೇ ಇದ್ದಾರೆ. ಅವಳದು ಒಂದೇ ಮಾತು. "ನೋಡಿದವರು ಬಂದು ಹೇಳ್ಲಿ. ಆಮೇಲೆ ಮಾಡ್ತೀನಿ." ನೋಡಿದವನು ಎಲ್ಲಿದ್ದಾನೆಂದು ನನಗೆ ಗೊತ್ತು. ಗಂಟಲಲ್ಲಿ ಬಿಸಿ ತುಪ್ಪ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಮೊನ್ನೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಯ್ಯಾ, ಮಗನ್ನ ಕಳ್ಕೊಂಡೋನ ಮುಖಕ್ಕೆ ಎಣ್ಣೆ ಸವರಿದಂಗಿದೆ?" ಅಂದಳು. ಮೇಳ ಸಿಕ್ಕಿದ ಖುಷಿ ಎಂದು ಸುಳ್ಳು ಹೇಳಿದೆ.

ಅವಳಿಗೆ ಹೇಳಬೇಕಾದವನು ನೀನು. ಬಾ.

ಕೈರಿಯಾಸ್


ಥಾಸೋಸ್
ನಾಲ್ಕನೇ ತಿಂಗಳು, ಅಮಾವಾಸ್ಯೆಗೆ ಮೂರು ದಿನ ಮೊದಲು

ಅಪ್ಪಾ,

ಇದು ಈ ವರ್ಷದ ಕೊನೆಯ ಹಡಗು. ಹೇಳುವುದನ್ನು ಒಂದೇ ಸಲ ಹೇಳಿಬಿಡುತ್ತೇನೆ.

ನಿನ್ನ ದೊರೆ ಬಾಗಿಲು ತೆಗೆದದ್ದು ತಮ್ಮನಿಗಾಗಿ. ನಾನೂ ಹಾಗೆಯೇ. ಕಳೆದ ಸಲ ಇದೇ ಹೊತ್ತಿಗೆ ಈ ಬಂದರಿನಲ್ಲಿ ಎಲ್ಲರೂ ಚಳಿಗಾಲ ಇಲ್ಲೇ ಕಳೆಯೋಣ ಎಂದರು. ಡೋರಿಯೋನನ ಮದುವೆ ಏಳನೇ ತಿಂಗಳಲ್ಲಿ ಗೊತ್ತಾಗಿತ್ತು. "ನೀನು ಚುಕ್ಕಾಣಿ ಹಿಡಿದ್ರೆ ಆಗದ್ದೇನಿದೆ ಟೆಲ್ಲಿಸ್, ಒಂದೇ ಒಂದು ಭೂಶಿರ ದಾಟಿದ್ರೆ ಆಯ್ತಲ್ಲ" ಅಂದ. ಆ ಭೂಶಿರ ನನಗೆ ಅಂಗೈ ರೇಖೆಯಷ್ಟು ಗೊತ್ತಿತ್ತು. ಗೊತ್ತಿಲ್ಲದವನು ಹೆದರಿ ನಿಂತಿರುತ್ತಿದ್ದ. ನಾನು ಹೊರಟೆ.

ಆಮೇಲಿನದನ್ನು ಕೇಳಬೇಡ. ನನ್ನ ಬಲಗೈ ಮಣಿಕಟ್ಟಿನಲ್ಲಿ ಸೊಂಟಪಟ್ಟಿ ಬಿಗಿದ ಗುರುತೊಂದು ಉಳಿದಿದೆ, ಅದನ್ನೂ ಕೇಳಬೇಡ. ಮಾಯಿಯಾ ಕೂಡ ಇವತ್ತಿನವರೆಗೆ ಕೇಳಿಲ್ಲ.

ಅಂಥೀಯಾಳಿಗೆ ನೀನೇ ಹೇಳು, ಡೋರಿಯೋನ್ ಸತ್ತ ಎಂದು. ಯಾರು ಹೇಳಿದರೆಂದರೆ ಯಾರೋ ನಾವಿಕ ಎನ್ನು. ಮಾತು ಕಟ್ಟುವವನು ನೀನು. ಮಾತಿಗೇ ಅಲ್ಲವೇ ಹಬ್ಬದಲ್ಲಿ ನಿನಗೆ ಗೆಲುವಿನ ಕಿರೀಟ ಹಾಕುವುದು. ಹಾಕಿದ್ದರೆ!

ವಸಂತದವರೆಗೆ ಪತ್ರವಿಲ್ಲ.

ಟೆಲ್ಲಿಸ್


ಅಥೆನ್ಸ್
ಏಳನೇ ತಿಂಗಳು, ಹುಣ್ಣಿಮೆಯ ದಿನ

ಮಗನೇ,

ಈ ಪತ್ರ ಕೊಂಡೊಯ್ಯಲು ಹಡಗಿಲ್ಲ. ಆದರೂ ಬರೆಯುತ್ತಿದ್ದೇನೆ. ಇವತ್ತು ಬೀದಿಯಲ್ಲಿ ಮೂರು ಮದುವೆಯ ಬಂಡಿಗಳು ಹೋದವು. ಅಂಥೀಯಾ ಕಟ್ಟಿದ ಮಾಲೆಗಳೇ ಎಲ್ಲದರ ಮೇಲೂ ಇದ್ದವು. ಅವಳು ಮಾತ್ರ ಹೊರಗೆ ಬಂದು ನೋಡಲಿಲ್ಲ.

ನೀನು ಹೇಳಿದಂತೆಯೇ ಮಾಡಲು ಹೊರಟೆ. ನಮ್ಮ ನಾಟಕಗಳಲ್ಲಿ ಯಾರೂ ಜನರ ಕಣ್ಣೆದುರು ಸಾಯುವುದಿಲ್ಲ, ಒಳಗೆ ಸಾಯುತ್ತಾರೆ, ದೂತ ಬಂದು ಹೇಳುತ್ತಾನೆ. ನನ್ನ ದೂತನ ಮಾತು ಬರೆದು ಮುಗಿಸಿದ್ದೆ. ಅದನ್ನೇ ಸ್ವಲ್ಪ ಬದಲಿಸಿ, ಊರಿನ ಜಾಗದಲ್ಲಿ ಹಡಗು ಇಟ್ಟು, ಯಾರೋ ನಾವಿಕ ಹೇಳಿದ್ದೆಂದು ಅಂಥೀಯಾಳ ಅಂಗಳದಲ್ಲಿ ಓದಿದೆ. ನಾಚಿಕೆಗೆಟ್ಟ ಕೆಲಸ. ಅವಳು ಕೊನೆಯವರೆಗೆ ಕೇಳಿದಳು.

"ಚೆನ್ನಾಗಿದೆ," ಅಂದಳು. "ಸುಳ್ಳು."

"ಯಾಕೆ ಅಂಥೀಯಾ?"

"ನೋಡಿ ಬಂದೋನು ಇಷ್ಟು ಚೆನ್ನಾಗಿ ಹೇಳಲ್ಲ ಕಣಯ್ಯಾ. ತಡವರಿಸ್ತಾನೆ. ಬೇಕಾದ್ದು ಬಿಟ್ಟು ಬೇಡದ್ದು ಹೇಳ್ತಾನೆ. ಕಾಲಲ್ಲಿ ಚಪ್ಪಲಿ ಇತ್ತೋ ಇಲ್ವೋ, ಅದನ್ನ ಹೇಳ್ತಾನೆ. ಹಡಗು ಮುಳುಗಿದ್ದನ್ನ ಸಮುದ್ರದ ದೇವರು ಬಂದು ನಿಂಗೆ ಹೇಳಿದ್ನಾ?"

 ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಸ್ಥಿತಿ. ನಿನ್ನ ಪತ್ರವಿಟ್ಟಿದ್ದ ಎದೆಯ ಮೇಲೆ ಕೈ ತಾನಾಗಿಯೇ ಹೋಯಿತು.

"ಬದುಕಿದ್ದಾನೆ ಅಲ್ವಾ?" ಅಂದಳು.

ಹೌದೆಂದೆ. ನಿನ್ನ ಮಾತು ಮೀರಿದೆ, ಬೇಕಾದರೆ ಸಿಟ್ಟು ಮಾಡಿಕೋ. ಅವಳು ಬುಟ್ಟಿ ತೆಗೆದುಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಹದಿನೈದು ದಿನವಾಯಿತು, ನನ್ನ ಜೊತೆ ಮಾತಿಲ್ಲ.

ಅವಳ ಮಾತು ತಲೆಯಲ್ಲಿಟ್ಟುಕೊಂಡು ತಾಲೀಮಿಗೆ ಹೋದೆ. ಅಲ್ಲಿ ಒಂದು ಸಂಗತಿ ಕಂಡೆ. ಕಂಡೆ ಎಂದರೆ, ಜೀವಮಾನವೆಲ್ಲ ನೋಡಿದ್ದನ್ನೇ ಅವತ್ತು ನೋಡಿದೆ. ನಮಗೆ ಮೂವರೇ ನಟರು, ಅದು ನಿನಗೂ ಗೊತ್ತು. ಎಷ್ಟು ಪಾತ್ರಗಳಿದ್ದರೂ ಮುಖವಾಡ ಬದಲಿಸಿ ಅವರೇ ಮಾಡಬೇಕು. ದೊರೆಯ ಪಾತ್ರದವನು ಕೊನೆಯ ಕೂಗು ಹಾಕಿ ಒಳಗೆ ಹೋಗುತ್ತಾನೆ. ರಂಗದ ಹಿಂದಿನ ಮರದ ಮನೆಯಲ್ಲಿ ಮುಖವಾಡ ತೆಗೆದು, ಬೆವರು ಒರೆಸಿಕೊಂಡು, ಒಂದು ಗುಟುಕು ನೀರು ಕುಡಿದು, ದೂತನ ಮುಖವಾಡ ಹಾಕಿಕೊಂಡು ಹೊರಗೆ ಬರುತ್ತಾನೆ. ದೊರೆ ಹೇಗೆ ಸತ್ತ ಎಂದು ಹೇಳುತ್ತಾನೆ. ಧ್ವನಿ ಅದೇ. ನೋಡಲು ಕೂತ ಹದಿನೈದು ಸಾವಿರ ಜನಕ್ಕೂ ಗೊತ್ತು ಅದು ಅದೇ ಧ್ವನಿ ಎಂದು. ಯಾರೂ ನಗುವುದಿಲ್ಲ. ನೀರು ಕುಡಿದೆಯಲ್ಲ ಎಂದು ಯಾರೂ ಹಂಗಿಸುವುದಿಲ್ಲ. ಕುಡಿಯದಿದ್ದರೆ ಗಂಟಲು ಒಣಗಿ ಹೇಳುವುದಾದರೂ ಹೇಗೆ?

ನಿನ್ನ ಮೀನಿನ ಸಾರಿಗೆ ನನ್ನ ಉತ್ತರ ಇದು. ನೀನು ನಾಯಕನ ಮುಖವಾಡ ಇನ್ನೂ ಬಿಚ್ಚಿಲ್ಲ. ಅದನ್ನೇ ಹಾಕಿಕೊಂಡು ಅಲ್ಲಿ ಜಾಡಿಗಳ ಒಳಗೆ ತಲೆ ಹಾಕಿ ಕೂತಿದ್ದೀಯ. ನಿನ್ನ ಪಾಲಿನ ಇನ್ನೊಂದು ಪಾತ್ರ ಬಾಕಿ ಇದೆ, ಮಗನೇ.

ನನ್ನ ದೂತನ ಮಾತನ್ನೆಲ್ಲ ಹೊಡೆದು ಹಾಕಿದ್ದೇನೆ. ಈಗ ಅವನು ತಡವರಿಸುತ್ತಾನೆ. ಸ್ಟ್ರೊಂಬಿಕಸ್ ತಲೆ ಚಚ್ಚಿಕೊಳ್ಳುತ್ತಿದ್ದಾನೆ.

ನಿನ್ನ ದಾರಿ ಕಾಯುವ,
ಅಪ್ಪ


ಅಥೆನ್ಸ್
ಎಂಟನೇ ತಿಂಗಳು, ಅಮಾವಾಸ್ಯೆಗೆ ಎರಡು ದಿನ ಮೊದಲು

ಟೆಲ್ಲಿಸ್‌ಗೆ ಅಂಥೀಯಾ ಹೇಳಿ ಬರೆಸೋದು,

ನಂಗೆ ಅಕ್ಷರ ಬರಲ್ಲ. ನಿಮ್ಮಪ್ಪನ ಕೈಲಿ ಬರೆಸ್ತಿದ್ದೀನಿ. ನಾನು ಹೇಳಿದ್ದಷ್ಟೇ ಬರಿ, ಚೆಂದ ಮಾಡಬೇಡ ಅಂತ ಹೇಳಿದ್ದೀನಿ. (ಹೇಳಿದ್ದಾಳೆ. ಬೆರಳು ತೋರಿಸಿ ಹೇಳಿದ್ದಾಳೆ. ಕೈರಿಯಾಸ್.)

ನೀನು ಬದುಕಿದ್ದೀ ಅಂತ ಗೊತ್ತಾದ ದಿನ ನಿನ್ನ ಮೇಲೆ ಬಂದ ಸಿಟ್ಟಿಗೆ ನಿನ್ನನ್ನ ನಾನೇ ಕೊಂದುಹಾಕ್ತಿದ್ದೆ. ಇಬ್ಬರೂ ಒಂದೇ ಎದೆ ಹಾಲು ಕುಡಿದವ್ರು, ಒಬ್ಬನ್ನ ಸಮುದ್ರ ಇಟ್ಕೊಂಡ್ತು, ಒಬ್ಬನ್ನ ಉಗೀತು. ಯಾಕೆ ಇವನನ್ನ, ಯಾಕೆ ಅವನನ್ನಲ್ಲ ಅಂತ ಹದಿನೈದು ದಿನ ಗೋಡೆ ನೋಡ್ತಾ ಕೂತಿದ್ದೆ. ಹೀಗೆ ಅಂದ್ಕೊಂಡೆ ಅಂತ ನಿಂಗೆ ಗೊತ್ತಿರಲಿ. ಮುಚ್ಚಿಟ್ಕೊಳ್ಳೋ ಹೆಂಗಸಲ್ಲ ನಾನು.

ಆಮೇಲೆ ನಿಮ್ಮಪ್ಪ ನಿನ್ನ ಪತ್ರ ಓದಿ ಹೇಳ್ದ. ಮದುವೆಗೋಸ್ಕರ ಹೊರಟ್ವಿ ಅಂತ ಬರ್ದಿದ್ದೀಯ. ಒಂದು ನಿಂಗೆ ಗೊತ್ತಿಲ್ಲ. ಆ ಬೇಸಿಗೆ ಕೊನೇಲಿ ನಾನೇ ಒಬ್ಬ ನಾವಿಕನ ಕೈಲಿ ಡೋರಿಯೋನ್‌ಗೆ ಹೇಳಿಕಳಿಸಿದ್ದೆ. ಹೆಣ್ಣಿನ ಕಡೆಯವ್ರು ಅವಸರ ಮಾಡ್ತಿದ್ದಾರೆ, ತಡ ಮಾಡಬೇಡ, ಹೇಗಾದ್ರೂ ಬಂದ್ಬಿಡು ಅಂತ. ಹೇಗಾದ್ರೂ ಅಂದಿದ್ದು ನಾನು. ಈಗ ಹೇಳು, ಚುಕ್ಕಾಣಿ ಯಾರ ಕೈಲಿತ್ತು?

ನಿನ್ನನ್ನ ಕ್ಷಮಿಸಿದ್ದೀನಿ ಅಂದ್ಕೋಬೇಡ. ಅದು ಇನ್ನೊಂದು ದಿನದ ಮಾತು. ಈಗ ಬಂದು ಹೇಳು. ನನ್ನ ಮಗ ಎಲ್ಲೋ ನೀರಿನ ಮೇಲೆ ದಾರಿ ಸಿಗದೆ ಅಲೀತಿದ್ದಾನೆ, ನೀನು ಹೇಳದೆ ಅವನನ್ನ ಕಳಿಸಿಕೊಡೋಕೆ ನಂಗಾಗಲ್ಲ.

ಬಂದ್ರೆ ಊರೊಳಗೆ ಕಾಲಿಡಬೇಡ, ನೀನು ಸತ್ತವ್ನು. ಬಂದರಿನ ಹತ್ರ ನಮ್ಮಣ್ಣನ ಬಲೆ ಇಡೋ ಗುಡಿಸಲಿದೆ, ಅಲ್ಲಿ ಕೂತಿರು. ಡೋರಿಯೋನ್‌ನ ಸುತ್ತಿದ್ದ ಕೂಸಿನ ಬಟ್ಟೆ ಪೆಟ್ಟಿಗೇಲಿದೆ. ನಿನ್ನನ್ನ ಸುತ್ತಿದ್ದೂ ಅದೇ. ಈಗ ಅದು ನಿನ್ನ ಒಂದು ತೋಳಿಗೂ ಸಾಲಲ್ಲ, ಇರ್ಲಿ.

ಅಂಥೀಯಾ


ಸ್ಕೈರೋಸ್ ದ್ವೀಪದ ಬಂದರು
ಒಂಬತ್ತನೇ ತಿಂಗಳು, ಅಮಾವಾಸ್ಯೆ ಕಳೆದ ಒಂಬತ್ತನೇ ದಿನ

ಅಪ್ಪಾ,

ಎರಡೂ ಪತ್ರಗಳು ಒಟ್ಟಿಗೇ ಬಂದವು. ಮರುದಿನವೇ ಹೊರಟೆ. ಚುಕ್ಕಾಣಿಯಲ್ಲಿ ಬೇರೆಯವನಿದ್ದಾನೆ, ನಾನು ಜಾಡಿಗಳ ನಡುವೆ ಸರಕಿನ ಹಾಗೆ ಕುಳಿತಿದ್ದೇನೆ. ಆ ಭೂಶಿರ ದಾಟುವಾಗ ಕಣ್ಣು ಮುಚ್ಚಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ. ನೋಡಿದೆ.

ಗಾಳಿ ಬಿದ್ದುಹೋಗಿ ಇಲ್ಲಿ ನಿಂತಿದ್ದೇವೆ. ನಿನ್ನ ನಾಟಕದ ಹೊತ್ತಿಗೆ ಬಂದು ಮುಟ್ಟುವುದಿಲ್ಲ. ಬಂದರೂ ಒಳಗೆ ಬಿಡುವುದಿಲ್ಲವಲ್ಲ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಒಂದೂ ನಿಲ್ಲುತ್ತಿಲ್ಲ. ನನಗೆ ಭಯವಾಗುತ್ತಿದೆ. ಈ ಪತ್ರ ಹುಟ್ಟುದೋಣಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ, ನನಗಿಂತ ಮೊದಲು ಮುಟ್ಟಬಹುದು.

ಟೆಲ್ಲಿಸ್


ಅಥೆನ್ಸ್
ಹತ್ತನೇ ತಿಂಗಳು, ಹುಣ್ಣಿಮೆಯ ಮರುದಿನ

ಮಾಯಿಯಾ ಅಜ್ಜಿ,

ಈ ಪತ್ರವನ್ನು ನಿನಗೆ ಓದಿ ಹೇಳುವ ನಾವಿಕನಿಗೆ ಒಂದು ಬಟ್ಟಲು ಕೊಡು, ಇಲ್ಲದಿದ್ದರೆ ಸಾಲು ಹಾರಿಸುತ್ತಾನೆ. ನೀನು ಚಳಿಗಾಲವೆಲ್ಲ ನನ್ನನ್ನು ಏನೂ ಕೇಳಲಿಲ್ಲ. ಕೇಳದೇ ಇದ್ದವಳಿಗೆ ಎಲ್ಲವನ್ನೂ ಹೇಳಬೇಕೆನಿಸುತ್ತಿದೆ.

ಗುಡಿಸಲಿನಲ್ಲಿ ಬಲೆಗಳ ಮೇಲೆ ಕುಳಿತಿದ್ದೆ. ಅಂಥೀಯಾ ಒಬ್ಬಳೇ ಬಂದಳು. ಅಪ್ಪನನ್ನು ಹೊರಗೇ ನಿಲ್ಲಿಸಿದ್ದಳು, ಅವನ ಕೆಮ್ಮು ಕೇಳಿಸುತ್ತಿತ್ತು. ಅವಳು ನನ್ನೆದುರು ಕುಳಿತು, "ಹೇಳು" ಅಂದಳು.

ತಡವರಿಸಿದೆ ಅಜ್ಜಿ. ಬಂಡೆಯ ವಿಷಯ ಹೇಳಬೇಕಾದಾಗ ಹಾಯಿಯ ತೇಪೆಯ ವಿಷಯ ಹೇಳಿದೆ. ಡೋರಿಯೋನನ ಎಡಗಾಲಿನ ಚಪ್ಪಲಿ ಇರಲಿಲ್ಲ, ಮೂತಿಯ ಮೇಲೆ ನಿಂತು ನೊರೆ ನೋಡುತ್ತಿದ್ದವನು ಜಾರದಿರಲೆಂದು ಬಿಚ್ಚಿದ್ದ ಎಂದೆ. ಅವಳು ತಲೆಯಾಡಿಸಿದಳು. ಅವನು ಕೂಗಿದ, ನನಗೆ ಕೇಳಿಸಿತು, ಚುಕ್ಕಾಣಿ ತಿರುಗಿಸಿದೆ, ತಡವಾಗಿತ್ತು ಎಂದೆ. ಆಮೇಲೆ ನಾವಿಬ್ಬರೂ ಒಂದೇ ಹಲಗೆ ಹಿಡಿದುಕೊಂಡಿದ್ದದ್ದು. ನನ್ನ ಕೈ ಸೋಲುತ್ತಿದೆ ಎಂದು ಅವನು ತನ್ನ ಸೊಂಟಪಟ್ಟಿ ಬಿಚ್ಚಿ ನನ್ನ ಮಣಿಕಟ್ಟನ್ನು ಹಲಗೆಗೆ ಬಿಗಿದ. "ನೀನು ಯಾವಾಗ್ಲೂ ನಿದ್ದೆಗಣ್ಣಿನವ್ನು" ಅಂದ. ನಾನು ನಿದ್ದೆಹೋದೆ. ಬೆಳಗಾದಾಗ ಹಲಗೆಯ ಮೇಲೆ ನನ್ನ ಕೈ ಒಂದೇ ಇತ್ತು. ನನ್ನ ಕೈಯಿಂದ ನೀನು ಕತ್ತರಿಸಿ ತೆಗೆದದ್ದು ಆ ಸೊಂಟಪಟ್ಟಿಯನ್ನೇ.

ಆ ಎರಡು ತುಂಡುಗಳನ್ನು ಅವಳ ಮುಂದಿಟ್ಟೆ. ನೇಯ್ದವಳು ಅವಳೇ. ಕೈಗೆತ್ತಿಕೊಂಡು ಅಂಚಿನ ಎಳೆಗಳನ್ನು ಬೆರಳಿನಿಂದ ಸವರಿದಳು. ಅವಳು ಅತ್ತದ್ದನ್ನು ನಾನು ಬರೆಯುವುದಿಲ್ಲ. ನಾನೂ ಅತ್ತೆ. ಇಷ್ಟು ದಿನ ಎಲ್ಲಿತ್ತೋ ಆ ಅಳು, ನಿನ್ನ ಮನೆಯಲ್ಲಿ ಒಂದು ಹನಿಯೂ ಬಂದಿರಲಿಲ್ಲ.

ಆಮೇಲೆ ಅವಳು ಒಂದೇ ಮಾತು ಕೇಳಿದಳು. "ಅವತ್ತು ಹೊಟ್ಟೆ ತುಂಬ ತಿಂದಿದ್ನಾ?"

ತಿಂದಿದ್ದ, ಬಾರ್ಲಿ ರೊಟ್ಟಿ, ಆಲಿವ್ ಕಾಯಿ, ಗಿಣ್ಣು ಎಂದೆ. ನನ್ನ ಪಾಲಿನ ಗಿಣ್ಣನ್ನೂ ಕಸಿದು ತಿಂದ ಎಂದೆ. ಅವಳಿಗೆ ಅಳುವಿನ ನಡುವೆ ನಗು ಬಂತು. "ಅವ್ನೇ ಸರಿ," ಅಂದಳು. "ನೀನು?"

ಆಗ ನಿನ್ನ ಸಾರಿನ ವಿಷಯ ಹೇಳಿದೆ, ಎರಡು ಬಟ್ಟಲು ಕುಡಿದದ್ದನ್ನೂ ಹೇಳಿದೆ. ಅವಳು ಎದೆಗೆ ಹೊಡೆದಂತೆ ನನ್ನನ್ನು ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣು ಒರೆಸಿಕೊಂಡು, "ಸದ್ಯ, ಯಾರೋ ಒಬ್ಳು ಪುಣ್ಯಾತ್ಗಿತ್ತಿ ಇದ್ಳಲ್ಲ" ಅಂದು ಎದ್ದಳು. "ಏಳು, ನೀರು ಕಾದಿದೆ."

ಅಜ್ಜಿ, ನಾನು ಹುಟ್ಟಿದ್ದನ್ನು ನೀನು ನೋಡಬೇಕಿತ್ತು. ಬೀದಿಯ ಹೆಂಗಸರೆಲ್ಲ ಸೇರಿದ್ದರು. ತಲೆಯಿಂದ ಕಾಲಿನವರೆಗೆ ಉಜ್ಜಿ ಮೀಯಿಸಿದರು, "ಕೂಸಿಗೆ ಗಡ್ಡ ಬಂದಿದೆಯಲ್ಲೇ" ಎಂದು ಒಬ್ಬಳು, "ಅಳಲ್ವಲ್ಲ, ಚಿವುಟ್ರೇ" ಎಂದು ಇನ್ನೊಬ್ಬಳು. ಹಳೆಯ ಕೂಸಿನ ಬಟ್ಟೆ ನನ್ನ ಬಲಗೈ ಮಣಿಕಟ್ಟಿಗೆ ಮಾತ್ರ ಸುತ್ತಲು ಸಾಕಾಯಿತು. ಉಳಿದ ಮೈಗೆ ಏನು ಮಾಡುವುದೆಂದು ನೋಡುತ್ತಿರುವಾಗ ಸ್ಟ್ರೊಂಬಿಕಸ್ ಎನ್ನುವ ಚರ್ಮದ ವ್ಯಾಪಾರಿ ಹೊರಗಿನಿಂದ ಒಂದು ಗಂಟು ಎಸೆದ. ಅಪ್ಪನ ನಾಟಕದ ದೊರೆ ತೊಟ್ಟಿದ್ದ ನೇರಳೆ ಮೇಲಂಗಿ, ಇಪ್ಪತ್ತು ಮೊಳ. ಅದರಲ್ಲಿ ನನ್ನನ್ನು ಸುತ್ತಿದರು. ಅಂಥೀಯಾ ನನ್ನ ತಲೆಯನ್ನು ಎದೆಗೆ ಒರಗಿಸಿಕೊಂಡು ಬಟ್ಟೆಯ ತುದಿಯನ್ನು ಜೇನು ಬೆರೆಸಿದ ಹಾಲಿನಲ್ಲಿ ಅದ್ದಿ ತುಟಿಗಿಟ್ಟಳು. ಆಗ ಯಾರೂ ನಗಲಿಲ್ಲ. "ಕುಡಿ," ಅಂದಳು. ಕುಡಿದೆ.

ಹುಟ್ಟಿದ ಕೂಸಿಗೆ ಮಾಡುವ ಶಾಸ್ತ್ರದಂತೆ ಐದನೇ ದಿನ ಅಪ್ಪ ನನ್ನನ್ನು ಒಲೆಯ ಸುತ್ತ ಎತ್ತಿಕೊಂಡು ಓಡಬೇಕಿತ್ತು. ಅವನಿಗೆ ಎತ್ತಲಾಗಲಿಲ್ಲ, ಕೈ ಹಿಡಿದುಕೊಂಡು ಸುತ್ತು ಹಾಕಿಸಿದ. ಅವನ ನಾಟಕಕ್ಕೆ ಮೂರನೇ ಸ್ಥಾನ ಬಂತು. ಸ್ಪರ್ಧೆಯಲ್ಲಿದ್ದವರೇ ಮೂವರು. ತಡವರಿಸುವ ದೂತ ಯಾರಿಗೆ ಬೇಕು ಎಂದರಂತೆ ತೀರ್ಪುಗಾರರು. ಆದರೆ ಆ ದೂತ ತಡವರಿಸುವಾಗ ಜನ ಕೂತಿದ್ದ ಇಡೀ ಬೆಟ್ಟದ ಇಳಿಜಾರಿನಲ್ಲಿ ಒಬ್ಬರೂ ಕಡಲೆ ಅಗಿಯಲಿಲ್ಲ ಎಂದು ಅಪ್ಪ ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ.

ಹತ್ತನೇ ದಿನ ನನಗೆ ಹೆಸರಿಟ್ಟರು, ಅದೇ ಹಳೆಯ ಹೆಸರು. ಮರುದಿನ ಡೋರಿಯೋನನ ಕ್ರಿಯೆ. ನನ್ನ ಹೆಸರಿನ ಕಲ್ಲನ್ನು ಕಿತ್ತು, ತಿರುಗಿಸಿ, ಹಿಂಬದಿಯಲ್ಲಿ ಅವನ ಹೆಸರು ಕೆತ್ತಿಸಿ ನಿಲ್ಲಿಸಿದೆವು. ಕಲ್ಲು ಹೊತ್ತವನು ನಾನು. ಮೂರು ಸಲ ಹೆಸರು ಕೂಗಬೇಕಾದಾಗ ಅಂಥೀಯಾ ನನ್ನ ಬೆನ್ನು ನೂಕಿ, "ನೀನು ಕೂಗು, ನಿನ್ನ ದನಿ ಅವನಿಗೆ ಗೊತ್ತು" ಅಂದಳು. ಸಮುದ್ರದ ಕಡೆಗೆ ತಿರುಗಿ ಕೂಗಿದೆ. ಮೂರನೇ ಸಲಕ್ಕೆ ನನ್ನ ದನಿ ಪೂರ್ತಿ ತೆರೆಯಿತು.

ಮುಂದಿನ ಹಡಗಿಗೆ ಚುಕ್ಕಾಣಿ ಹಿಡಿಯುತ್ತೀಯಾ ಎಂದು ಬಂದರಿನವರು ಕೇಳುತ್ತಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ. ಅಂಥೀಯಾ ಈಗ ನಮ್ಮ ಮನೆಯಲ್ಲೇ ಅಡುಗೆಗೆ ನಿಂತಿದ್ದಾಳೆ. ಇವತ್ತು ಮೀನು ತಂದಿದ್ದಾಳೆ. ಒಲೆ ಉರಿಯುತ್ತಿದೆ, ಅವಳು ಸೌಟು ಹಿಡಿದು ನನ್ನ ತಲೆಯ ಮೇಲೆ ನಿಂತು ಒಂದು ಪ್ರಶ್ನೆ ಬರೆಯಲು ಹೇಳುತ್ತಿದ್ದಾಳೆ. ನಿನ್ನ ಸಾರಿಗೆ ನೀನು ಯಾವ ಸೊಪ್ಪು ಹಾಕುತ್ತಿದ್ದೆ?

ನಿನ್ನ ಬಟ್ಟಲಿನ ಋಣಿ,
ಟೆಲ್ಲಿಸ್